ಕೀಲುನೋವು ಮತ್ತು ಕೊಟ್ಟಿಗೆ

ಕಡೂರು, ತರೀಕೆರೆ, ಅಜ್ಜಂಪುರಗಳದು ದನಕರುಗಳ ಸೀಮೆ. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯು ಟಿಪ್ಪು ಸುಲ್ತಾನನ ಕಾಲದಲ್ಲಿ ‘ಅಮೃತ ಮಹಲ್’ ಎಂಬ ಹೆಸರು ಪಡೆಯಿತಷ್ಟೆ. ಆ ತಳಿಯ ಸಂವರ್ಧನ ಕೇಂದ್ರವು ಇಂದಿಗೂ ಅಜ್ಜಂಪುರದಲ್ಲಿದೆ. ಇಂಥ ಸೀಮೆಯವರೂ, ಊರಿನಿಂದ ಹಾಲು ತರಿಸುವ ಪಟ್ಟಣದ ಸಂಸಾರಗಳೂ ಅರಿತಿರಬೇಕಾದ ರೋಗವೊಂದುಂಟು. ಅದೇ ಬ್ರುಸೆಲ್ಲೋಸಿಸ್.

ಬಂದು ಹೋಗುವ ಜ್ವರ, ರಾತ್ರಿಯ ಬೆವರು, ತೀರದ ಆಯಾಸ. ಅನಂತರ ಮಂಡಿ, ಸೊಂಟ ಅಥವಾ ಬೆನ್ನೆಲುಬಿನಲ್ಲಿ ನೋವು. ಮನೆಯವರು ಇದನ್ನು ವಾಯುವೆನ್ನುತ್ತಾರೆ. ಬೆನ್ನೆಲುಬಿಗೆ ತಗುಲಿದಾಗ ವೈದ್ಯರಿಗೂ ಕ್ಷಯವೆಂಬ ಭ್ರಮೆ ಬರುವುದುಂಟು. ಹೀಗೆ ತಿಂಗಳುಗಳು ವ್ಯರ್ಥವಾಗುತ್ತವೆ.

1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾವೈದ್ಯನು ಮಾಲ್ಟಾ ದ್ವೀಪದಲ್ಲಿ ಈ ರೋಗಾಣುವನ್ನು ಗುರುತಿಸಿದನು. ಅದು ಮನುಷ್ಯರಿಗೆ ಬರುವ ದಾರಿ ಆಡಿನ ಹಸಿ ಹಾಲೆಂಬುದು 1905ರ ಅನಂತರವೇ ತಿಳಿದದ್ದು. ಹಸು, ಎಮ್ಮೆ, ಕುರಿಗಳಿಂದಲೂ ಇದು ಬರುತ್ತದೆ. ಕಂದು ಹಾಕಿದ ಪ್ರಾಣಿಯ ಮಾಸನ್ನು ಬರಿಗೈಯಲ್ಲಿ ಮುಟ್ಟಿದವರಿಗೂ ಅಪಾಯವುಂಟು.

ಪತ್ತೆ ಕಷ್ಟವೇನಲ್ಲ, ಶಂಕೆ ಹುಟ್ಟಬೇಕಷ್ಟೆ. ರೋಸ್ ಬೆಂಗಾಲ್ ಎಂಬ ಸುಲಭವಾದ ರಕ್ತಪರೀಕ್ಷೆಯಿಂದ ಮೊದಲ ಸುಳಿವು ದೊರೆಯುತ್ತದೆ. ಇತರ ಪರೀಕ್ಷೆಗಳಿಂದ ಅದನ್ನು ದೃಢಪಡಿಸಿಕೊಳ್ಳುತ್ತಾರೆ. ಊದಿದ ಕೀಲಿನಿಂದ ಸೂಜಿಯ ಮೂಲಕ ನೀರು ತೆಗೆದು ರೋಗಾಣುವನ್ನು ಬೆಳೆಸಿ ನೋಡುವುದೂ ಉಂಟು. ಅದು ನಿಧಾನವಾಗಿ ಬೆಳೆಯುವುದಲ್ಲದೆ ಪ್ರಯೋಗಶಾಲೆಯವರಿಗೂ ಅಂಟಬಲ್ಲದು. ಆದುದರಿಂದ ಶಂಕೆಯನ್ನು ಅವರಿಗೆ ಮುಂಚಿತವಾಗಿ ತಿಳಿಸಬೇಕು.

ಚಿಕಿತ್ಸೆಗೆ ಒಂದೇ ಔಷಧ ಸಾಲದು. ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಜೊತೆಗೆ ರಿಫಾಂಪಿಸಿನ್ ಮಾತ್ರೆಯನ್ನೋ ಜೆಂಟಾಮೈಸಿನ್ ಅಥವಾ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದನ್ನೋ ಕೊಡುತ್ತಾರೆ. ಮಾತ್ರೆಗಳು ಕನಿಷ್ಠ 6 ವಾರ; ಬೆನ್ನೆಲುಬು ಕೆಟ್ಟಿದ್ದರೆ 12 ವಾರ ಅಥವಾ ಇನ್ನೂ ಹೆಚ್ಚು. ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಔಷಧವೇ ಬೇರೆ. ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಿದರೆ ರೋಗ ಮರುಕಳಿಸುವ ಸಂಭವ ಹೆಚ್ಚು.

ಆದರೆ ಒಂದೇ ಕೀಲು ಇದ್ದಕ್ಕಿದ್ದಂತೆ ಕೆಂಪಾಗಿ ಊದಿ, ಬಿಸಿಯಾಗಿ, ಅಲುಗಿಸಲೂ ಆಗದಂತಾದರೆ ಅಂದೇ ಆಸ್ಪತ್ರೆ ಸೇರಬೇಕು. ಅದು ಬೇರೆ ರೋಗಾಣುಗಳ ಕೀವಾಗಿರಬಹುದು. ಕೆಲವೇ ದಿನಗಳಲ್ಲಿ ಕೀಲಿನ ಮೃದ್ವಸ್ಥಿಯನ್ನು ಹಾಳುಮಾಡಬಲ್ಲದು.

ಬ್ರುಸೆಲ್ಲೋಸಿಸ್ ಬಾರದಂತೆ ತಡೆಯುವುದು ನಮ್ಮ ಕೈಯಲ್ಲೇ ಇದೆ. ಹಾಲನ್ನು ಉಕ್ಕುವವರೆಗೆ ಕಾಯಿಸಬೇಕು. ಕೊಟ್ಟಿಗೆಯ ಹೆರಿಗೆಯಲ್ಲಿ ಕೈಚೀಲ ಧರಿಸಬೇಕು. 4ರಿಂದ 8 ತಿಂಗಳೊಳಗಿನ ಹೆಣ್ಣುಕರುಗಳಿಗೆ ಲಸಿಕೆ ಹಾಕಿಸಬೇಕು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಈ ಲಸಿಕೆಯೂ ಸೇರಿದೆ.

ಎಲ್ಲಕ್ಕೂ ಮಿಗಿಲಾಗಿ, ಬಹುಕಾಲದ ಜ್ವರ ಮತ್ತು ಕೀಲುನೋವಿಗೆಂದು ವೈದ್ಯರ ಬಳಿ ಹೋದಾಗ ಹಸಿ ಹಾಲು ಕುಡಿದದ್ದನ್ನೂ, ಮನೆಯ ಹಸು ಕಂದು ಹಾಕಿದ್ದನ್ನೂ ತಪ್ಪದೆ ಹೇಳಿರಿ. ಕ್ಷುಲ್ಲಕವೆಂದು ಬಿಟ್ಟ ಆ ಮಾತೇ ರೋಗದ ಬೀಗಕ್ಕೆ ಬೀಗದಕೈ ಆದೀತು.