ಜ್ವರ ಬಿಟ್ಟರೂ ಕಣ್ಣು ಬಿಡದ ವೈರಸ್



ಮಳೆಗಾಲ ಹಿಡಿಯಿತೆಂದರೆ ನಾವೆಲ್ಲ ಕೊಳೆರೋಗದ ಚಿಂತೆಯಲ್ಲಿ ಬೀಳುತ್ತೇವೆ. ಬೋರ್ಡೋ ಹೊಡೆಯಲು ಹೊಳವು ಕಾಯುತ್ತೇವೆ. ತೋಟದಲ್ಲಿಯೇ ಹುಟ್ಟಿ ನಮ್ಮನ್ನು ಹಾಸಿಗೆ ಹಿಡಿಸುವ ಸೊಳ್ಳೆಯ ಚಿಂತೆ ಮಾತ್ರ ಜ್ವರ ಬಂದ ಮೇಲೆಯೇ. 2006ರಲ್ಲಿ ರಾಜ್ಯದಲ್ಲೆಲ್ಲ, 2008ರಲ್ಲಿ ದಕ್ಷಿಣ ಕನ್ನಡದ ಅಡಿಕೆ ಸೀಮೆಯಲ್ಲಿ ಚಿಕೂನ್‌ಗುನ್ಯಾ ಹಬ್ಬಿದಾಗಿನ ಕೀಲುನೋವನ್ನು ಯಾರೂ ಮರೆತಿಲ್ಲ. ಆ ಜ್ವರ ಕಣ್ಣಿಗೂ ಇಳಿಯಬಲ್ಲದೆಂಬುದು ಮಾತ್ರ ಅನೇಕರಿಗೆ ತಿಳಿಯದು.

ನಮ್ಮ ಸದಸ್ಯರೊಬ್ಬರಿಗೆ ಜ್ವರ ಬಿಟ್ಟು ಐದು ವಾರವಾಗಿತ್ತು. ಒಂದು ಕಣ್ಣು ಮಂಜಾಯಿತು. ಮರದ ಮೇಲಿನ ಗೊನೆ ಹಣ್ಣೋ ಕಾಯೋ ಗೊತ್ತಾಗದಾಯಿತು. ಜ್ವರದ ನಿಶ್ಶಕ್ತಿ ಇರಬೇಕೆಂದು ಹದಿನೈದು ದಿನ ಸುಮ್ಮನಿದ್ದರು. ಚಿಕಿತ್ಸೆಯಿಂದ ಉರಿಯೂತ ಇಳಿಯಿತು, ಆದರೆ ದೃಷ್ಟಿ ಪೂರ್ತಿ ಮರಳಲಿಲ್ಲ.

ಹೀಗೇಕಾಗುತ್ತದೆ? ಚಿಕೂನ್‌ಗುನ್ಯಾ ವೈರಸ್ ರಕ್ತದಲ್ಲಿರುವುದು ಸಾಮಾನ್ಯವಾಗಿ ಒಂದು ವಾರದಷ್ಟು. ಕಣ್ಣಾದರೋ ಬೇಲಿ ಹಾಕಿದ ತೋಟವಿದ್ದಂತೆ. ರಕ್ತಕ್ಕೂ ಕಣ್ಣಿನ ಒಳಭಾಗಕ್ಕೂ ನಡುವೆ ಸೂಕ್ಷ್ಮವಾದ ತಡೆಯೊಂದಿದೆ. ದೇಹದ ರಕ್ಷಣಾ ಪಡೆಗೆ ಅಲ್ಲಿ ಸಲೀಸಾದ ಪ್ರವೇಶವಿಲ್ಲ. ಬೇಲಿ ನುಸುಳಿ ಒಳಹೊಕ್ಕ ರೋಗಾಣು ರಕ್ತದಲ್ಲಿ ಅಳಿದ ಮೇಲೂ ಅಲ್ಲಿ ಉಳಿಯಬಹುದು. ಉರಿಯೂತವಾದ ಕಣ್ಣಿನ ಮುಂಭಾಗದ ದ್ರವದಲ್ಲಿ ಈ ವೈರಸಿನ ಅಂಶ ಸಿಕ್ಕಿದ್ದುಂಟು. ರೋಗಾಣುವಿನ ವಿರುದ್ಧ ದೇಹ ಹೂಡುವ ಹೋರಾಟದಿಂದಲೂ ಕಣ್ಣಿಗೆ ಪೆಟ್ಟಾಗುತ್ತದೆ. 2006ರ ಹಾವಳಿಯ ನಂತರ ಬೆಂಗಳೂರಿನ ನೇತ್ರತಜ್ಞರು 2008ರಲ್ಲಿ ಇಂಥ ರೋಗಿಗಳ ವಿವರವನ್ನು ಪ್ರಕಟಿಸಿದರು. ಜ್ವರದ ಬಳಿಕ ಕೆಲವು ವಾರಗಳಿಗೆ, ಒಮ್ಮೊಮ್ಮೆ ಒಂದೆರಡು ತಿಂಗಳಿಗೆ ತೊಂದರೆ ಕಾಣಿಸುವುದುಂಟು.

ಅದೇ ಜಾತಿಯ ಸೊಳ್ಳೆ ಹರಡುವ ಝೀಕಾ ವೈರಸನ್ನು ಅಮೆರಿಕದ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2016ರಲ್ಲಿ ಇಲಿಗಳಲ್ಲಿ ಪರೀಕ್ಷಿಸಿದರು. ಏಳನೆಯ ದಿನ ಕಣ್ಣಿನಲ್ಲಿ ಜೀವಂತ ವೈರಸ್ ಸಿಕ್ಕಿತು. 28ನೆಯ ದಿನ ಕಣ್ಣೀರಿನಲ್ಲಿ ಅದರ ತುಣುಕುಗಳಿದ್ದವು, ಜೀವಂತ ವೈರಸ್ ಇರಲಿಲ್ಲ. ಗೊರಬಲು ಸಿಕ್ಕಿತೆಂದ ಮಾತ್ರಕ್ಕೆ ಒಳಗೆ ಅಡಿಕೆ ಇದೆಯೆಂದಲ್ಲ. ಡೆಂಗ್ಯೂವಿನಲ್ಲಾದರೆ ಇನ್ನೂ ಬೇಗ, ಜ್ವರ ಬಂದ ಸುಮಾರು ಒಂದು ವಾರಕ್ಕೇ, ದೃಷ್ಟಿಯ ನಡುವೆ ಕಪ್ಪು ಕಲೆ ಕಾಣಿಸಬಹುದು.

ಎಲ್ಲರಿಗೂ ಹೀಗಾಗುವುದಿಲ್ಲ, ಹೆದರಬೇಕಾದ್ದಿಲ್ಲ. ಆದರೆ ಜ್ವರದ ನಂತರದ ಮೂರು ತಿಂಗಳಲ್ಲಿ ಕಣ್ಣು ಕೆಂಪಾಗಿ ನೋವು ಬಂದರೆ, ಬೆಳಕು ಚುಚ್ಚಿದರೆ, ದೃಷ್ಟಿ ಮಂಜಾದರೆ ಕೂಡಲೆ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಜ್ವರ ಬಂದಿದ್ದ ಸಂಗತಿಯನ್ನು ತಪ್ಪದೆ ಹೇಳಬೇಕು. ಮನೆಯಲ್ಲಿ ಉಳಿದ ಹಳೆಯ ಹನಿಯೌಷಧವನ್ನು ಬಿಡಬಾರದು. ಅದರಲ್ಲಿ ಸ್ಟೀರಾಯ್ಡ್ ಇದ್ದು, ಅದು ಆ ರೋಗಕ್ಕೆ ಸಲ್ಲದ್ದಾದರೆ ಕಣ್ಣಿಗೇ ಕೇಡು. ಕೊನೆ ತೆಗೆಯುವವರ ಕಣ್ಣು ಮಂಜಾಗಿದ್ದರೆ ಅವರನ್ನು ಮರಕ್ಕೆ ಹತ್ತಿಸಲೇಬಾರದು.

ಇನ್ನು ಮೂಲದ ಮಾತು. ಈ ಸೊಳ್ಳೆ ಹಗಲಲ್ಲಿ ಕಚ್ಚುತ್ತದೆ, ಅಂದರೆ ನಾವು ತೋಟದಲ್ಲಿರುವ ಹೊತ್ತಿಗೇ. ಬಿದ್ದ ಹಾಳೆ, ತೆಂಗಿನ ಚಿಪ್ಪು, ಕೊಕ್ಕೊ ಕಾಯಿಯ ಸಿಪ್ಪೆ, ಮೈಲುತುತ್ತು ಕಲಸಿ ಬಿಟ್ಟ ಡ್ರಮ್ಮು, ಹಳೆಯ ಟೈರು, ಇವುಗಳಲ್ಲಿ ನಿಂತ ಅಂಗೈಯಷ್ಟು ನೀರು ಅದಕ್ಕೆ ಸಾಕು. ಮೊಟ್ಟೆ ಸೊಳ್ಳೆಯಾಗಲು ಎಂಟು ಹತ್ತು ದಿನ ಬೇಕು. ಆದುದರಿಂದ ವಾರಕ್ಕೊಂದು ದಿನ ಹಾಳೆಗಳನ್ನು ಹೆಕ್ಕಿ ಒಟ್ಟುಗೂಡಿಸಿ, ಪಾತ್ರೆಗಳನ್ನು ಚೆಲ್ಲಿ, ಒಳಬದಿಯನ್ನು ತಿಕ್ಕಿ ಬೋರಲು ಹಾಕಿದರೆ ಸಂತತಿ ಮುರಿಯುತ್ತದೆ. ತಿಕ್ಕುವುದೇಕೆಂದರೆ, ಅಂಟಿಕೊಂಡ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ.

ಒಬ್ಬರು ಮಾಡಿ ಪಕ್ಕದ ತೋಟದವರು ಬಿಟ್ಟರೆ ಫಲವಿಲ್ಲ. ಗೊನೆ ಹೋದರೆ ಮುಂದಿನ ವರ್ಷ ಬಂದೀತು, ಕಣ್ಣು ಹಾಗಲ್ಲ. ಬರುವ ಭಾನುವಾರದಿಂದಲೇ ಊರೊಟ್ಟಿನಲ್ಲಿ ಈ ಕೆಲಸ ಆರಂಭಿಸೋಣವೆಂದು ನಮ್ಮ ವಿನಂತಿ.