ಘಟ್ಟದ ಲಾರಿಯ ಕೊರಳು

ಕೊಟ್ಟಿಗೆಹಾರವನ್ನು ಹಿಂದೆ ಬಿಟ್ಟು ಚಾರ್ಮಾಡಿಯ ಘಟ್ಟವನ್ನು ಹೊಕ್ಕ ವಾಹನಕ್ಕೆ ಮಳೆಗಾಲದಲ್ಲಿ ಕಣ್ಣಿಗಿಂತ ಕಿವಿಯೇ ಹೆಚ್ಚಿನ ಆಸರೆ. ಮಂಜು ಕಣಿವೆಯಿಂದ ಮೇಲೇರಿ ಬಂದು ದಾರಿಯನ್ನೆಲ್ಲ ನುಂಗಿದಾಗ, ದೀಪದ ಬೆಳಕು ಹತ್ತು ಮಾರು ದೂರವನ್ನೂ ಮುಟ್ಟಲಾರದೆ ಬಿಳಿಯ ಗೋಡೆಗೆ ತಾಗಿದಂತೆ ಹಿಂದಿರುಗುತ್ತಿರುವಾಗ, ತಿರುವಿನ ಆಚೆಗೆ ಮತ್ತೊಂದು ವಾಹನ ಏರಿ ಬರುತ್ತಿದೆಯೆಂಬುದನ್ನು ಮೊದಲೇ ತಿಳಿಸತಕ್ಕ ಸಾಧನ ಹಾರನ್ ಒಂದೇ. ಅಂತಹ ಒಂದು ಸಂಜೆ ನಾನು ನನ್ನ ಸೋದರಮಾವನವರ ತೋಟದ ಲಾರಿಯಲ್ಲಿ, ಚಾಲಕನ ಪಕ್ಕದಲ್ಲಿ ಕುಳಿತು ಇಳಿಯುತ್ತಿದ್ದೆ. ತಿರುವು ಬಂದಿತು, ಚಾಲಕ ಗುಂಡಿಯನ್ನು ಅಂಗೈಯಿಂದ ಒತ್ತಿದ, ಗಂಟಲು ಕಟ್ಟಿದವನು ಕರೆದಂತೆ ಒಂದು ಕ್ಷೀಣಧ್ವನಿ ಹೊರಟು ಮಳೆಯ ಸದ್ದಿನೊಳಗೆ ಅಡಗಿಹೋಯಿತು. ಏರಿ ಬರುತ್ತಿದ್ದ ಬಸ್ಸಿಗೆ ಅದು ಕೇಳಿಸಿರಲಿಲ್ಲ. ಎರಡು ವಾಹನಗಳೂ ನಿಂತಾಗ ನಡುವೆ ಉಳಿದಿದ್ದುದು ಎರಡು ಮೊಳದ ಅಂತರ.

“ಹಾರನ್ ಸತ್ತೋಗಿದೆ ಸಾರ್, ಒಂದು ಗಾಳಿ ಹಾರನ್ ಹಾಕ್ಸಿಬಿಡಾಣ” ಎಂದ ಚಾಲಕ. ಅವನ ಭಯ ನ್ಯಾಯವಾದದ್ದು. ಅವನು ಸೂಚಿಸಿದ ಪರಿಹಾರವನ್ನು ಮಾತ್ರ ನಾನು ಒಪ್ಪಲಾರದೆ ಹೋದೆ. ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ. ಮರುದಿನ ಅಂಗಳದಲ್ಲಿ ಲಾರಿಯನ್ನು ನಿಲ್ಲಿಸಿ, ಮೋಟಾರು ವಿದ್ಯುತ್ತಿನ ಕೆಲಸದಲ್ಲಿ ತಲೆ ನರೆಸಿದ್ದ ಹಿರಿಯರೊಬ್ಬರನ್ನು ಕರೆಸಿ, ಅವರ ಜೊತೆಗೆ ನಾನೂ ಕೈ ಮಸಿಮಾಡಿಕೊಂಡೆ. ಆ ದಿನ ನನಗೆ ಮನವರಿಕೆಯಾದ ಸಂಗತಿ ಇಷ್ಟು: ಕಾರ್ಖಾನೆಯಿಂದ ಬಂದ ಹಾರನ್ ಸಾಮಾನ್ಯವಾಗಿ ದುರ್ಬಲವಾದದ್ದಲ್ಲ, ದಾರಿಯಲ್ಲಿ ಅದರ ಆಹಾರ ಸೋರಿಹೋಗುತ್ತಿರುತ್ತದೆ.

ಈ ಯಂತ್ರದ ಒಳರಚನೆ ಸರಳವಾದದ್ದು, ಮನೋಹರವಾದದ್ದು. ಕಬ್ಬಿಣದ ತಿರುಳಿಗೆ ಸುತ್ತಿದ ತಾಮ್ರದ ತಂತಿಯ ಸುರುಳಿ. ಅದರೆದುರಿಗೆ ಡಯಾಫ್ರಮ್ ಎಂದು ಕರೆಯುವ ಉಕ್ಕಿನ ತೆಳು ತಗಡು. ಪಕ್ಕದಲ್ಲಿ ಒಂದನ್ನೊಂದು ಮುಟ್ಟಿಕೊಂಡಿರುವ ಎರಡು ಪಾಯಿಂಟುಗಳು. ವಿದ್ಯುತ್ತು ಹರಿದೊಡನೆ ಸುರುಳಿ ಅಯಸ್ಕಾಂತವಾಗಿ ತಗಡನ್ನು ಸೆಳೆಯುತ್ತದೆ. ಸೆಳೆತದ ಕೊನೆಯಲ್ಲಿ ಪಾಯಿಂಟುಗಳು ಅಗಲಿ ಪ್ರವಾಹ ಕಡಿಯುತ್ತದೆ. ತಗಡು ತನ್ನ ಸ್ಥಿತಿಸ್ಥಾಪಕತೆಯಿಂದ ಹಿಂದಕ್ಕೆ ಚಿಮ್ಮುತ್ತದೆ. ಪಾಯಿಂಟುಗಳು ಮತ್ತೆ ಕೂಡುತ್ತವೆ. ಸೆಕೆಂಡಿಗೆ ಸುಮಾರು ೪೦೦ ಬಾರಿ ನಡೆಯುವ ಈ ಸೆಳೆತ ಬಿಡುಗಡೆಗಳೇ ನಮಗೆ ನಾದವಾಗಿ ಕೇಳುವುದು. ಇದಕ್ಕಿಂತ ಹಿಂದಿನದಾದ ಕ್ಲಾಕ್ಸನ್ ಎಂಬ ಹಾರನ್ನಿನಲ್ಲಿ, ಮೋಟಾರಿನಿಂದ ತಿರುಗುವ ಹಲ್ಲಿನ ಚಕ್ರವೊಂದು ತಗಡನ್ನು ಬಡಿಯುತ್ತಿದ್ದಿತು. ೧೯೦೮ರ ಸುಮಾರಿಗೆ ಅದನ್ನು ಲೋಕಕ್ಕೆ ಕೊಟ್ಟ ಅಮೆರಿಕದ ಮಿಲರ್ ರೀಸ್ ಹಚಿಸನ್ ಎಂಬಾತನೇ ಕಿವುಡರಿಗಾಗಿ ವಿದ್ಯುತ್ ಶ್ರವಣಸಾಧನವನ್ನೂ ನಿರ್ಮಿಸಿದ್ದನೆಂಬುದನ್ನು ಓದಿದಾಗ ನನಗೆ ಬಹಳ ಸಂತೋಷವಾಯಿತು. ಕೇಳಿಸುವುದು, ಕೇಳುವುದು, ಇವೆರಡೂ ಒಂದೇ ಮನಸ್ಸನ್ನು ಕಾಡಿದ ಸಮಸ್ಯೆಗಳಾಗಿದ್ದವು.

ಹಿರಿಯರು ಮೊದಲು ಕೈಗೆತ್ತಿಕೊಂಡದ್ದು ತಿರುಪುಳಿಯನ್ನಲ್ಲ, ಮಲ್ಟಿಮೀಟರನ್ನು. ಬ್ಯಾಟರಿಯ ಕೊನೆಗಳಲ್ಲಿ ೧೨.೪ ವೋಲ್ಟ್ ಇದ್ದಿತು. ಚಾಲಕ ಗುಂಡಿಯನ್ನು ಒತ್ತಿ ಹಿಡಿದಿರುವಾಗ ಹಾರನ್ನಿನ ಕೊನೆಗಳಲ್ಲಿ ಅಳೆದರೆ ದೊರೆತದ್ದು ೯.೮ ಮಾತ್ರ. ಶಕ್ತಿಯು ವೋಲ್ಟಿನ ವರ್ಗವನ್ನು ಅನುಸರಿಸುವುದರಿಂದ, ಹಾರನ್ನಿಗೆ ಸಲ್ಲಬೇಕಾದುದರಲ್ಲಿ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು ಅದಕ್ಕೆ ದೊರೆಯದೆ ಹೋಗುತ್ತಿದ್ದಿತು. ಒಂದೊಂದು ಹಾರನ್ ನಾಲ್ಕೈದು ಆಂಪಿಯರನ್ನು ಬೇಡುತ್ತದೆ. ಅಷ್ಟು ಪ್ರವಾಹವೆಲ್ಲ ಸ್ಟೀರಿಂಗಿನ ಸಣ್ಣ ಗುಂಡಿಯ ಮೂಲಕ, ತೆಳುವಾದ ಉದ್ದನೆಯ ತಂತಿಯ ಮೂಲಕ, ಕಿಲುಬು ಹಿಡಿದ ಕೀಲುಗಳ ಮೂಲಕ ಹಾದು ಬರಬೇಕಾಗಿದ್ದರೆ ಕೊರಳು ಕಟ್ಟದೆ ಇನ್ನೇನಾದೀತು?

ಬ್ಯಾಟರಿಯ ಋಣ ತಂತಿಯನ್ನು ಕಳಚಿಟ್ಟು ಕೆಲಸಕ್ಕೆ ತೊಡಗಿದೆವು. ಹಾರನ್ನಿನಿಂದ ಚಾಸಿಸ್ಸಿಗೆ ಬಿಗಿದಿದ್ದ ಅರ್ಥ್ ತಂತಿಯ ಬೋಲ್ಟನ್ನು ಬಿಚ್ಚಿದಾಗ ಅಡಿಯಲ್ಲಿ ಕಂಡದ್ದು ಬಣ್ಣದ ಪದರ, ಅದರ ಮೇಲೆ ಕೆಂಪು ತುಕ್ಕು. ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ತಂತಿಗೆ ಹೊಸ ಕೊನೆಯನ್ನು ಬೆಸೆದು, ಬಿಗಿದು, ಮೇಲೆ ಗ್ರೀಸ್ ಸವರಿದೆವು. ಒಂದು ಕಾಸಿನ ಖರ್ಚಿಲ್ಲದ ಈ ಕೆಲಸವನ್ನೇ ಜನ ಎಲ್ಲಕ್ಕಿಂತ ಹೆಚ್ಚಾಗಿ ಉಪೇಕ್ಷಿಸುತ್ತಾರೆ.

ಎರಡನೆಯದು ರಿಲೇ. ಆ ಲಾರಿಯ ಹಾರನ್ನಿಗೆ ಅದಿರಲಿಲ್ಲ. ರಿಲೇ ಬಂದರೆ ಗುಂಡಿಗೆ ಉಳಿಯುವುದು ಅಪ್ಪಣೆ ಕೊಡುವ ಕೆಲಸ ಮಾತ್ರ. ಭಾರ ಹೊರುವವರು ಬೇರೆ. ಬ್ಯಾಟರಿಯಿಂದ ನೇರವಾಗಿ, ಸಮೀಪದಲ್ಲೇ ಒಂದು ಫ್ಯೂಸನ್ನು ಇಟ್ಟು, ೨.೫ ಚದರ ಮಿಲಿಮೀಟರಿನ ತಂತಿಯನ್ನು ರಿಲೇಯ ೩೦ನೆಯ ಕೊನೆಗೆ ತಂದೆವು; ೮೭ನೆಯದರಿಂದ ಅಷ್ಟೇ ದಪ್ಪದ ತಂತಿ ಹಾರನ್ನುಗಳಿಗೆ ಹೊರಟಿತು; ಹಳೆಯ ಹಾರನ್ ತಂತಿ ೮೬ಕ್ಕೂ ಅರ್ಥ್ ೮೫ಕ್ಕೂ ಸೇರಿದವು. ದೊಡ್ಡ ಲಾರಿಗಳಲ್ಲಿ ೨೪ ವೋಲ್ಟ್ ಇರುವುದುಂಟು. ಅಲ್ಲಿ ರಿಲೇಯೂ ೨೪ರದೇ ಆಗಿರಬೇಕು. ಫ್ಯೂಸನ್ನು ಮಾತ್ರ ಯಾರೂ ಬಿಡತಕ್ಕದ್ದಲ್ಲ: ಚಾಸಿಸ್ಸಿಗೆ ಉಜ್ಜಿ ಉಜ್ಜಿ ಸಿಪ್ಪೆ ಹರಿದ ಒಂದು ತಂತಿ ಇಡೀ ಲಾರಿಯನ್ನು ಸುಡಬಲ್ಲುದು.

ಲಾರಿಗಿದ್ದ ಜೋಡಿ ಹಾರನ್ನುಗಳಲ್ಲಿ ಒಂದು ಪೂರ್ಣ ಮೂಕವಾಗಿದ್ದಿತು. ಅದರ ಹಿಂಬದಿಯಲ್ಲಿ, ಅರಗು ಮುಚ್ಚಿದ ಸಣ್ಣ ತಿರುಪು ಒಂದುಂಟು. ಪಾಯಿಂಟುಗಳ ಅಂತರವನ್ನು ನಿರ್ಣಯಿಸುವುದು ಅದೇ. ಹಿರಿಯರು ಬ್ಯಾಟರಿಯನ್ನು ಮತ್ತೆ ಕೂಡಿಸಿ, ಕಿವಿಗೆ ಹತ್ತಿ ಇಟ್ಟುಕೊಂಡು, ಆ ತಿರುಪನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸುವುದು, ಕ್ಷಣಮಾತ್ರ ಒತ್ತಿ ನೋಡುವುದು, ಮತ್ತೆ ತಿರುಗಿಸುವುದು, ಹೀಗೆ ವೀಣೆಗೆ ಶ್ರುತಿ ಕೂಡಿಸುವವರಂತೆ ತಾಳ್ಮೆಯಿಂದ ನಡೆಸಿದರು. ಮೊದಲು ಚಟ್ ಎಂಬ ಶಬ್ದ. ಬಳಿಕ ಒಡಕು ಧ್ವನಿ. ಅನಂತರ, ಒಮ್ಮೆಲೇ, ತುಂಬಿದ ಕಂಠ. ಅಲ್ಲಿಗೆ ನಿಲ್ಲಿಸಿ ತಿರುಪಿಗೆ ಬಣ್ಣದ ಬೊಟ್ಟಿಟ್ಟರು. ಅದಕ್ಕೂ ಮೀರಿ ಬಿಗಿದರೆ ಪ್ರವಾಹ ಹೆಚ್ಚಿ ಪಾಯಿಂಟುಗಳು ಸುಟ್ಟುಹೋಗುತ್ತವೆಯೆಂದು ಎಚ್ಚರಿಸಿದರು. ಮಂದ್ರದ ಹಾರನ್ನೂ ತಾರದ ಹಾರನ್ನೂ ಕೂಡಿ ನುಡಿದಾಗ ಅಳತೆಯಲ್ಲಿ ಹೆಚ್ಚುವುದು ಸುಮಾರು ೩ ಡೆಸಿಬೆಲ್ಲಷ್ಟೇ. ಆದರೆ ಎರಡು ಸ್ವರಗಳ ಮೇಳಕ್ಕೆ ಇಂಜಿನಿನ ಗದ್ದಲವನ್ನು ಸೀಳಿ ಬರುವ ಗುಣವೊಂದಿದೆ.

ಸ್ಥಾನದ ವಿಚಾರವೂ ಅಲ್ಪವಲ್ಲ. ಬಂಪರಿನ ಹಿಂದೆ ಅವಿತಿದ್ದ ಹಾರನ್ನುಗಳನ್ನು ಗ್ರಿಲ್ಲಿನ ಹತ್ತಿರಕ್ಕೆ, ಮುಂದಕ್ಕೆ ಮುಖಮಾಡಿ, ನೀರು ನಿಲ್ಲದಂತೆ ಬಾಯಿ ತುಸು ಕೆಳಗಾಗುವಂತೆ ಕೂಡಿಸಿದೆವು. ಅವುಗಳನ್ನು ಹೊರುವ ಪಟ್ಟಿ ಎಲೆಯಂತೆ ಬಳುಕಬೇಕು. ಹಾರನ್ನಿನ ಮೈ ತಗಡಿಗೆ ತಾಗಿಕೊಂಡರೆ ಕಂಪನವೆಲ್ಲ ಅಲ್ಲಿಯೇ ಸಾಯುತ್ತದೆ. ಮರಳಿ ಅಳೆದಾಗ ಕೊನೆಗಳಲ್ಲಿ ೧೨.೧ ವೋಲ್ಟ್ ಇದ್ದಿತು.

ಇನ್ನು ಗಾಳಿ ಹಾರನ್ನಿನ ಮಾತು. ಅನೇಕ ದೊಡ್ಡ ಲಾರಿಗಳಲ್ಲಿ ಅದಕ್ಕೆ ಗಾಳಿಯನ್ನು ಎಳೆಯುವುದು ಬ್ರೇಕಿನ ಗಾಳಿಯ ಟ್ಯಾಂಕುಗಳಿಂದ. ಜೋಡಣೆಯಲ್ಲಿ ಒಂದು ಸೋರಿಕೆಯಾದರೆ ಘಟ್ಟದ ಇಳಿಜಾರಿನಲ್ಲಿ ಪ್ರಾಣಾಧಾರವಾದ ಒತ್ತಡವೇ ಕುಗ್ಗುತ್ತದೆ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳ ೧೧೯ನೆಯ ನಿಯಮವು, ಸ್ವರಗಳನ್ನು ಒಂದಾದ ಮೇಲೊಂದರಂತೆ ಹೊರಡಿಸುವ ಹಾರನ್ನುಗಳನ್ನೂ ಅತಿ ಕರ್ಕಶವಾದ, ಬೆಚ್ಚಿಬೀಳಿಸುವ ಧ್ವನಿಯ ಸಾಧನಗಳನ್ನೂ ನಿಷೇಧಿಸಿದೆ. ಅದು ಸರಿಯಾದ ನಿಷೇಧವೆಂದು ನಾನು ಪೂರ್ಣವಾಗಿ ನಂಬುತ್ತೇನೆ. ಹಾಸನದ ಪೇಟೆಯಲ್ಲಿ ಬೆನ್ನ ಹಿಂದೆ ಅಂತಹದೊಂದು ಹಾರನ್ ಕೂಗಿದಾಗ, ಕೈಹಿಡಿದು ನಡೆಸುತ್ತಿದ್ದ ಮಗು ಬೆದರಿ ರಸ್ತೆಯ ನಡುವಿಗೇ ಓಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ದೂರ ಇಮ್ಮಡಿಯಾದಂತೆ ಧ್ವನಿ ೬ ಡೆಸಿಬೆಲ್ ಇಳಿಯುತ್ತದೆ; ಘಟ್ಟದ ತಿರುವಿನ ಆಚೆಗೆ ಮುಟ್ಟಬೇಕಾದ ಕೂಗು ಪೇಟೆಯಲ್ಲಿ ಮಾರು ದೂರದಲ್ಲಿರುವವರ ಕಿವಿಗೆ ಎಷ್ಟು ಪೆಟ್ಟಾದೀತೆಂಬುದನ್ನು ಇದರಿಂದಲೇ ಊಹಿಸಬಹುದು. ಕನ್ನಡದಲ್ಲಿ ನಾವು ‘ಹಾರನ್ ಹೊಡೆ’ ಎನ್ನುತ್ತೇವಲ್ಲವೆ? ಪೇಟೆಯಲ್ಲಿ ಆ ಕ್ರಿಯಾಪದ ಅಕ್ಷರಶಃ ನಿಜವಾಗಿಬಿಡುತ್ತದೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ೧೦೦ ಮೀಟರಿನ ನಿಶ್ಶಬ್ದ ವಲಯದಲ್ಲಿ ನಮ್ಮ ಚಾಲಕ ಈಗ ಗುಂಡಿಯ ಮೇಲಿನಿಂದ ಕೈ ತೆಗೆದೇ ನಡೆಸುತ್ತಾನೆ.

ಆ ವಾರದ ಕೊನೆಯಲ್ಲಿ ಮತ್ತೆ ಚಾರ್ಮಾಡಿಯನ್ನು ಇಳಿದೆವು. ಅದೇ ಮಂಜು, ಅದೇ ಮಳೆ. ತಿರುವಿನಲ್ಲಿ ಚಾಲಕ ಒಮ್ಮೆ, ಹೆಚ್ಚೆಂದರೆ ಒಂದು ಸೆಕೆಂಡು, ಒತ್ತಿದ. ಎರಡು ಸ್ವರಗಳೂ ಕೂಡಿ ಬಂಡೆಗೆ ತಾಗಿ ಕಣಿವೆಯ ಮೇಲೆ ಹರಡಿದವು. ಆಚೆಯಿಂದ ಮತ್ತೊಂದು ಹಾರನ್ ಉತ್ತರ ಕೊಟ್ಟಿತು. ಏರುವವರಿಗೆ ಇಳಿಯುವವರು ದಾರಿ ಬಿಡಬೇಕಾದ್ದರಿಂದ ನಾವು ಎಡಕ್ಕೆ ಒತ್ತಿ ನಿಂತೆವು. ಸ್ವಲ್ಪ ಹೊತ್ತಿಗೆ ಮಂಜಿನೊಳಗಿನಿಂದ ಎರಡು ಮಸುಕಾದ ದೀಪಗಳು ಮೂಡಿ, ಬಸ್ಸು ನಮ್ಮನ್ನು ದಾಟಿ ಮೇಲೇರಿತು.