ಮೊದಲಿಗರು ಯಾರು?

ಕ್ರಿಕೆಟ್ಟಿನಲ್ಲಿ ದಾಖಲೆಯು ಬೇರೆ, ಮೊದಲ ಸಾಧನೆಯು ಬೇರೆ. ದಾಖಲೆಯನ್ನು ನಾಳೆ ಮತ್ತೊಬ್ಬರು ಮುರಿಯಬಹುದು. ಮೊದಲಿಗರ ಸ್ಥಾನವನ್ನಾದರೋ ಯಾರೂ ಕಸಿದುಕೊಳ್ಳಲಾರರು. ಆದುದರಿಂದ ಆ ಸ್ಥಾನವು ಯಾರದೆಂದು ಸರಿಯಾಗಿ ಅರಿಯುವುದು ಅವಶ್ಯ.

ಅಂತರರಾಷ್ಟ್ರೀಯ ಏಕದಿನ ಪಂದ್ಯದಲ್ಲಿ ಮೊದಲು ದ್ವಿಶತಕ ಹೊಡೆದವರಾರೆಂದು ಕೇಳಿದರೆ, 2010ರಲ್ಲಿ ಗ್ವಾಲಿಯರಿನಲ್ಲಿ 200 ಓಟಗಳನ್ನು ಗಳಿಸಿದ ಸಚಿನ್ ತೆಂಡೂಲ್ಕರರ ಹೆಸರನ್ನೇ ಹಲವರು ಹೇಳುವರು. ಪುರುಷರಲ್ಲಿ ಅದು ನಿಜವೇ. ಆದರೆ ಅದಕ್ಕೆ 12 ವರ್ಷಗಳಿಗೂ ಮುಂಚೆ, 1997ರ ಡಿಸೆಂಬರಿನಲ್ಲಿ, ಆಸ್ಟ್ರೇಲಿಯದ ನಾಯಕಿ ಬೆಲಿಂಡಾ ಕ್ಲಾರ್ಕ್ ಎಂಬಾಕೆಯು ಮುಂಬಯಿಯಲ್ಲಿ ಡೆನ್ಮಾರ್ಕಿನ ಎದುರು ಔಟಾಗದೆ 229 ಓಟಗಳನ್ನು ಗಳಿಸಿದ್ದಳು. ಮಹಿಳೆಯರಲ್ಲಿ ಆ ದಾಖಲೆಯನ್ನು 2018ರಲ್ಲಿ ನ್ಯೂಜಿಲೆಂಡಿನ ಅಮೀಲಿಯಾ ಕೆರ್ ಎಂಬ 17 ವರ್ಷದ ಬಾಲೆಯು 232 ಓಟಗಳಿಂದ ಮುರಿದಳು. ಆದರೂ ಮೊದಲಿಗಳು ಬೆಲಿಂಡಾಳೇ.

ಒಂದೇ ಟೆಸ್ಟ್ ಪಂದ್ಯದಲ್ಲಿ ಶತಕವನ್ನೂ ಹತ್ತು ವಿಕೆಟ್ಟುಗಳನ್ನೂ ಪಡೆಯುವುದು ಇನ್ನೂ ಕಷ್ಟತರವಾದುದು. ಪುರುಷರಲ್ಲಿ ಇಂಗ್ಲೆಂಡಿನ ಇಯಾನ್ ಬೋಥಮ್ 1980ರಲ್ಲಿ ಇದನ್ನು ಮೊದಲು ಸಾಧಿಸಿದನು. ಆಸ್ಟ್ರೇಲಿಯದ ಬೆಟ್ಟಿ ವಿಲ್ಸನ್ 1958ರಲ್ಲೇ ಮೆಲ್ಬರ್ನಿನಲ್ಲಿ ಇದನ್ನು ಸಾಧಿಸಿದ್ದಳು: 100 ಓಟಗಳು, 11 ವಿಕೆಟ್ಟುಗಳು; ಆ 11 ವಿಕೆಟ್ಟುಗಳಿಗೆ ಆಕೆ ಕೊಟ್ಟ ಓಟಗಳು ಕೇವಲ 16!

ನಮ್ಮ ಕರ್ನಾಟಕದ ಶಾಂತಾ ರಂಗಸ್ವಾಮಿಯವರು 1977ರಲ್ಲಿ ನ್ಯೂಜಿಲೆಂಡಿನ ಎದುರು 108 ಓಟಗಳನ್ನು ಗಳಿಸಿ, ಟೆಸ್ಟ್ ಶತಕ ಹೊಡೆದ ಮೊದಲ ಭಾರತೀಯ ಮಹಿಳೆಯಾದರು.

ಹೆಣ್ಣುಮಕ್ಕಳಿಗೆ ಆಟವೇಕೆಂದು ಕೆಲವು ಹೆತ್ತವರು ನಮ್ಮನ್ನು ಕೇಳುವುದುಂಟು. ಈ ಅಂಕೆಗಳೇ ನಮ್ಮ ಉತ್ತರ. ಮೊದಲಿಗರು ಯಾರೆಂದು ಮಕ್ಕಳು ಕೇಳಿದಾಗ, "ಪುರುಷರಲ್ಲಿಯೋ, ಎಲ್ಲರಲ್ಲಿಯೋ?" ಎಂದು ವಿಚಾರಿಸಿ ಹೇಳುವುದು ನ್ಯಾಯವೆಂದು ನಾವೆಣಿಸುತ್ತೇವೆ.